ಹಳೆಯ ಇ-ಮೇಲ್ ಕಡತಗಳನ್ನು ತೆರೆದು ಹುಡುಕುವ ಬಗೆ

ಸಂಘದ ಕಛೇರಿಗೆ ಬರುವ ಸದಸ್ಯ ಬಾಂಧವರು ಗೋಡೆಯ ಕಪಾಟಿನಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಹಳೆಯ ದಫ್ತರುಗಳನ್ನು ನೋಡಿಯೇ ಇರುತ್ತೀರಿ. ನಲವತ್ತು ವರ್ಷದ ಹಿಂದಿನ ಪತ್ರ ಬೇಕೆಂದರೂ ಗಂಟು ಬಿಚ್ಚಿ, ಧೂಳು ಕೊಡವಿ, ಅರ್ಧ ದಿನದಲ್ಲಿ ತೆಗೆದುಕೊಡಬಹುದು. ಗೆದ್ದಲು ತಿಂದಿದ್ದರೆ ತಿಂದಿದೆ ಎಂದಾದರೂ ಹೇಳಬಹುದು. ಆದರೆ 2008ರಿಂದ 2017ರವರೆಗಿನ ಪತ್ರವ್ಯವಹಾರ ಎಲ್ಲಿ ಎಂದು ಕೇಳಿದರೆ, ಕಳೆದ ಮಳೆಗಾಲದವರೆಗೂ ನಮ್ಮ ಬಳಿ ಸರಿಯಾದ ಉತ್ತರವಿರಲಿಲ್ಲ.

ಆ ವರ್ಷಗಳ ಇ-ಮೇಲ್ ಎಲ್ಲವೂ ಕಛೇರಿಯ ಹಳೆಯ ಕಂಪ್ಯೂಟರಿನಲ್ಲಿತ್ತು. ಆಗಿನ ಏರ್ಪಾಡಿನಂತೆ ಪತ್ರ ಸರ್ವರಿನಿಂದ ನಮ್ಮ ಯಂತ್ರಕ್ಕೆ ಇಳಿದ ಮೇಲೆ ಸರ್ವರಿನಲ್ಲಿ ಉಳಿಯುತ್ತಿರಲಿಲ್ಲ. ನಮ್ಮಲ್ಲಿದ್ದುದೇ ಏಕೈಕ ಪ್ರತಿ. 2017ರ ಮುಂಗಾರಿಗೆ ಮುಂಚಿನ ಸಿಡಿಲಿಗೆ ಆ ಯಂತ್ರ ಸುಟ್ಟುಹೋಯಿತು. ಪುಣ್ಯಕ್ಕೆ ಆಗಿನ ಗುಮಾಸ್ತರು ಕೆಲವೇ ದಿನ ಮೊದಲು ಮೇಲ್ ಇದ್ದ ಕೋಶವನ್ನೆಲ್ಲ ಒಂದು ಹೊರಡಿಸ್ಕಿಗೆ ನಕಲು ಮಾಡಿ, ರಬ್ಬರ್ ಬ್ಯಾಂಡ್ ಸುತ್ತಿ ತಿಜೋರಿಯಲ್ಲಿಟ್ಟಿದ್ದರು. ಅದನ್ನು ಯಾರೂ ಮುಟ್ಟಿರಲಿಲ್ಲ. ಮುಟ್ಟುವ ಪ್ರಮೇಯವೂ ಬಂದಿರಲಿಲ್ಲ.

ಪ್ರಮೇಯ ಬಂದುದು ಹೀಗೆ. ನಮ್ಮ ಹಿರಿಯ ಸದಸ್ಯರೊಬ್ಬರು ತೀರಿಕೊಂಡ ಮೇಲೆ ಅವರ ಇಬ್ಬರು ಮಕ್ಕಳು ಪಾಲುಪಟ್ಟಿಗೆ ಕುಳಿತರು. 2013ರ ಹಂಗಾಮಿನಲ್ಲಿ ಸಂಘದ ಮೂಲಕ ಕ್ಯೂರಿಂಗಿಗೆ ಹೋದ 64 ಮೂಟೆ ಅರೇಬಿಕಾ ಚೆರಿಯ ಲೆಕ್ಕದಲ್ಲಿ ತಕರಾರು. ಮೊದಲ ವರದಿಯಲ್ಲಿ ಓಟಿ ಮೂಟೆಗೆ 26 ಕಿಲೋ. ಆಗ ಲೆಕ್ಕ ನೋಡುತ್ತಿದ್ದ ತಮ್ಮ ಬರೆದಿಟ್ಟದ್ದು 24. ಮೂಟೆಗೆ ಎರಡು ಕಿಲೋ ಎಂದರೆ ಒಟ್ಟು 128 ಕಿಲೋ ಕ್ಲೀನ್ ಕಾಫಿ. ಮೊದಲ ವರದಿಯಲ್ಲಿ ತಪ್ಪಾಗಿದೆ ಎಂದು ಕ್ಯೂರಿಂಗ್ ವರ್ಕ್ಸಿನವರೇ ಆಮೇಲೆ ತಿದ್ದಿ ಬರೆದಿದ್ದರು ಎಂದು ತಮ್ಮ. ಹಾಗಾದರೆ ಆ ಪತ್ರ ತೋರಿಸು ಎಂದು ಅಣ್ಣ. ಹಣ ದೊಡ್ಡದಲ್ಲ. ಆದರೆ ತಮ್ಮ ಕಳ್ಳಲೆಕ್ಕ ಬರೆದ ಎಂಬ ಮಾತು ಊರಿನಲ್ಲಿ ಹರಡಿಯಾಗಿತ್ತು. ಇಬ್ಬರೂ ಸೇರಿ ಸಂಘಕ್ಕೆ ಅರ್ಜಿ ಕೊಟ್ಟರು: ಪತ್ರ ಇದ್ದರೆ ನಕಲು ಕೊಡಿ, ಇಲ್ಲವಾದರೆ ಇಲ್ಲವೆಂದು ಬರೆದುಕೊಡಿ.

ನಾವು ಡಿಸ್ಕನ್ನು ತೆಗೆದೆವು. ಹಳೆಯ ಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್ ಆಗಿತ್ತು. ಅದನ್ನೇ ಹೊಸ ಯಂತ್ರದಲ್ಲಿ ಹಾಕಿ, ಹಳೆಯ ಕೋಶದ ಒಂದು ಪ್ರತಿಯನ್ನು ಅದಕ್ಕೆ ತೋರಿಸಿ ನೋಡಿದೆವು. ಮೊದಲ ವರದಿ ಸಿಕ್ಕಿತು, ಎರಡನೆಯದು ಕಾಣಲಿಲ್ಲ. ಸಮಾಧಾನವಾಗದೆ, ಕಡತವನ್ನೇ ನೇರವಾಗಿ ತೆರೆದು ಸದಸ್ಯರ ಹೆಸರನ್ನು ಇಂಗ್ಲಿಷಿನಲ್ಲಿ ಹುಡುಕಿದೆವು. ಹನ್ನೊಂದು ಪತ್ರ ಸಿಕ್ಕವು, ಎರಡನೆಯ ವರದಿ ಅದರಲ್ಲಿಲ್ಲ. ಕನ್ನಡದಲ್ಲಿ ಹುಡುಕಿದೆವು, ಒಂದೂ ಇಲ್ಲ. 'ಅಂತಹ ಪತ್ರವು ಸಂಘದ ದಫ್ತರಿನಲ್ಲಿ ಇರುವುದಿಲ್ಲ' ಎಂದು ಟೈಪು ಮಾಡಿ, ಸಹಿ ಹಾಕಿ, ಮೊಹರು ಒತ್ತಿದ್ದೂ ಆಯಿತು. ಆ ದಿನದ ಟಪಾಲು ಹೋಗಿಯಾಗಿತ್ತು ಎಂಬ ಒಂದೇ ಕಾರಣಕ್ಕೆ ಲಕೋಟೆ ಮೇಜಿನ ಮೇಲೆ ಉಳಿಯಿತು. ಪತ್ರ ಮಾತ್ರ ಅದೇ ಕಡತದಲ್ಲಿತ್ತು.

ನಮಗೆ ಹೇಗೆ ತಪ್ಪಿತು ಎಂಬುದನ್ನು ವಿವರವಾಗಿ ಬರೆಯಲು ಕಾರಣವಿದೆ. ಇಂತಹ ಡಿಸ್ಕುಗಳು ಈಗ ಬೆಳೆಗಾರರ ಮನೆಮನೆಯಲ್ಲೂ ಇವೆ.

ಮೊದಲು ಕಡತದ ಗುರುತು. ಥಂಡರ್‌ಬರ್ಡ್ ತನ್ನ ಪತ್ರಗಳನ್ನು ಪ್ರೊಫೈಲ್ ಎಂಬ ಕೋಶದೊಳಗೆ, 'ಇನ್‌ಬಾಕ್ಸ್', 'ಸೆಂಟ್' ಎಂಬ ಹೆಸರಿನ ಕಡತಗಳಲ್ಲಿ ಇಡುತ್ತದೆ. ಹೆಸರಿನ ಮುಂದೆ ಚುಕ್ಕಿಯೂ ಇಲ್ಲ, ಬಾಲವೂ ಇಲ್ಲ. ಅದರ ಪಕ್ಕದಲ್ಲೇ ಅದೇ ಹೆಸರಿಗೆ 'ಎಂಎಸ್‌ಎಫ್' ಎಂಬ ಬಾಲವಿರುವ ಇನ್ನೊಂದು ಚಿಕ್ಕ ಕಡತ ಇರುತ್ತದೆ. ಈ ಚಿಕ್ಕದು ಬರೀ ಸೂಚಿಪಟ್ಟಿ, ದೊಡ್ಡದೇ ಪತ್ರಗಳ ಕಟ್ಟು. ಸೂಚಿಪಟ್ಟಿ ಹೋದರೆ ಪ್ರೋಗ್ರಾಂ ಮತ್ತೆ ಕಟ್ಟಿಕೊಳ್ಳುತ್ತದೆ, ದೊಡ್ಡದು ಹೋದರೆ ಎಲ್ಲವೂ ಹೋಯಿತು. ಬಾಲವಿಲ್ಲದ ಕಡತ ಯಾವುದೋ ಕಸ ಎಂದು ಭಾವಿಸಿ ಅಳಿಸಿಬಿಟ್ಟವರನ್ನು ನಾವು ಬಲ್ಲೆವು.

ಈ ದೊಡ್ಡ ಕಡತದ ರೀತಿಗೆ ಎಂಬಾಕ್ಸ್ ಎಂದು ಹೆಸರು. ಯೂನಿಕ್ಸ್ ಕಂಪ್ಯೂಟರುಗಳ ಕಾಲದಿಂದ ಬಂದ ಬಹಳ ಹಳೆಯ ಪದ್ಧತಿ. ಇದರಲ್ಲಿ ಗುಟ್ಟೇನೂ ಇಲ್ಲ. ಎಲ್ಲ ಪತ್ರಗಳನ್ನೂ ಒಂದರ ಕೆಳಗೊಂದು ಬರೆದ ಉದ್ದನೆಯ ಪಠ್ಯ ಅಷ್ಟೆ. ಹೊಸ ಪತ್ರ ಎಲ್ಲಿ ಪ್ರಾರಂಭ ಎಂದು ತಿಳಿಯುವುದು ಒಂದೇ ಗುರುತಿನಿಂದ: ಸಾಲಿನ ಮೊದಲಲ್ಲಿ 'ಫ್ರಮ್' ಎಂಬ ಪದ, ಅದರ ಮುಂದೆ ಒಂದು ಖಾಲಿ ಜಾಗ. ಕೆಳಗೆ ಬರುವ ಕಳುಹಿಸಿದವರ ಹೆಸರಿನ ಸಾಲೂ 'ಫ್ರಮ್' ಎಂದೇ ಆರಂಭವಾಗುತ್ತದೆ, ಆದರೆ ಅದಕ್ಕೆ ಎರಡು ಚುಕ್ಕಿ ಇರುತ್ತದೆ. ಇವೆರಡನ್ನೂ ಕಲಸಿಕೊಳ್ಳಬಾರದು. ಪತ್ರದ ಒಕ್ಕಣೆಯಲ್ಲೇ ಯಾರಾದರೂ ಒಂದು ಸಾಲನ್ನು 'ಫ್ರಮ್' ಎಂದು ಆರಂಭಿಸಿದ್ದರೆ ಅದರ ಹಿಂದೆ ಒಂದು ಬಾಣದ ಗುರುತು ಸೇರಿಸಿ ಗೊಂದಲ ತಪ್ಪಿಸುವ ರೂಢಿಯೂ ಇದೆ.

ತಮ್ಮ ಪತ್ರಗಳು ಜಿಮೇಲಿನಲ್ಲಿದ್ದರೆ ಗೂಗಲ್ ಟೇಕ್‌ಔಟ್ ಎಂಬ ಸೌಲಭ್ಯದಿಂದ ಎಲ್ಲವನ್ನೂ ಇಳಿಸಿಕೊಳ್ಳಬಹುದು; ಅದೂ ಎಂಬಾಕ್ಸ್ ರೂಪದಲ್ಲೇ ಬರುತ್ತದೆ. ಔಟ್‌ಲುಕ್ ಬಳಸಿದವರ ಪಾಡು ಬೇರೆ. ಅದರ 'ಪಿಎಸ್‌ಟಿ' ಕಡತ ಪಠ್ಯವಲ್ಲ, ತೆರೆದರೆ ಚಿತ್ರವಿಚಿತ್ರ ಚಿಹ್ನೆಗಳು ಮಾತ್ರ. ಅದನ್ನು ಮೊದಲು 'ರೀಡ್‌ಪಿಎಸ್‌ಟಿ' ಎಂಬ ಉಚಿತ ಸಲಕರಣೆಯಿಂದ ಎಂಬಾಕ್ಸಿಗೆ ಬದಲಾಯಿಸಿಕೊಂಡು ನಂತರ ಮುಂದಿನ ಕೆಲಸ.

ಯಾವುದೇ ಕಡತವಾಗಲಿ, ಮೂಲವನ್ನು ತೆರೆಯಬೇಡಿ. ನಕಲು ಮಾಡಿ ನಕಲನ್ನು ತೆರೆಯಿರಿ. ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೊದಲ ದಿನವೇ ಮೂಲ ಕಡತದ 'ಹ್ಯಾಶ್' ಸಂಖ್ಯೆ ತೆಗೆದು ನಡವಳಿ ಪುಸ್ತಕದಲ್ಲಿ ಬರೆಸಿದೆವು. ವಿಂಡೋಸ್ ಯಂತ್ರದಲ್ಲೇ ಇರುವ 'ಸರ್ಟ್‌ಯುಟಿಲ್' ಎಂಬ ಆಜ್ಞೆಗೆ 'ಹ್ಯಾಶ್‌ಫೈಲ್' ಎಂಬ ಸೂಚನೆಯನ್ನೂ ಕಡತದ ಹೆಸರನ್ನೂ ಕೊನೆಗೆ 'ಎಸ್‌ಎಚ್‌ಎ256' ಎಂದೂ ಕೊಟ್ಟರೆ 64 ಅಂಕಿ-ಅಕ್ಷರಗಳ ಒಂದು ಸಾಲು ಬರುತ್ತದೆ. (ಯಂತ್ರಕ್ಕೆ ಇವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.) ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಈ ಸಾಲು ಪೂರ್ತಿ ಬೇರೆಯಾಗುತ್ತದೆ. ಇದು ಶೋಕಿಯಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಇಂತಹ ದಾಖಲೆಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಸಂಖ್ಯೆಯನ್ನು ನಮೂದಿಸಬೇಕು. ಅಣ್ಣತಮ್ಮಂದಿರ ವ್ಯಾಜ್ಯ ಎಲ್ಲಿಗೆ ಹೋಗಿ ಮುಟ್ಟುವುದೋ ಯಾರು ಬಲ್ಲರು.

ಇನ್ನು ತೆರೆಯುವ ಮಾತು. ನಮ್ಮ ಇನ್‌ಬಾಕ್ಸ್ ಕಡತ 1.4 ಜಿಬಿ ಇತ್ತು. ಅಷ್ಟು ದೊಡ್ಡದನ್ನು ನೋಟ್‌ಪ್ಯಾಡಿಗೆ ಕೊಟ್ಟರೆ ಏರಿಗೆ ಹತ್ತುವ ಹಳೆಯ ಜೀಪಿನಂತೆ ಏದುಸಿರು ಬಿಡುತ್ತದೆ. ಲಿನಕ್ಸ್ ಯಂತ್ರದ 'ಲೆಸ್' ಎಂಬ ಸಲಕರಣೆ ಕಡತವನ್ನು ಪೂರ್ತಿ ಎತ್ತಿಕೊಳ್ಳದೆ ಪುಟಪುಟವಾಗಿ ತೋರಿಸುವುದರಿಂದ ಅದೇ ಅನುಕೂಲ. ಹುಡುಕಲು 'ಗ್ರೆಪ್' ಇದೆ. 1973ರಲ್ಲಿ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಬರೆದದ್ದು, ಇಂದಿಗೂ ಅದನ್ನು ಮೀರಿಸಿದ ಸರಳ ಸಲಕರಣೆ ನಮಗೆ ಕಂಡಿಲ್ಲ.

ತೆರೆದಾಗ ಪ್ರತಿ ಪತ್ರದ ತಲೆಯ ಮೇಲೆ ಇಪ್ಪತ್ತು ಮೂವತ್ತು ಸಾಲು ತಲೆಬರಹ ಕಾಣುತ್ತದೆ. 'ಡೇಟ್' ಎಂಬ ಸಾಲಿನಲ್ಲಿ ದಿನಾಂಕ, ವೇಳೆ, ಕೊನೆಯಲ್ಲಿ ನಮ್ಮ ದೇಶದ ವೇಳೆಯಾದರೆ +0530 ಎಂದು ಇರುತ್ತದೆ. ಈ ದಿನಾಂಕ ಕಳುಹಿಸುವವರ ಗಡಿಯಾರದ್ದು. ಒಳಗಿನ ಬ್ಯಾಟರಿ ಸತ್ತ ಕಂಪ್ಯೂಟರಿನಿಂದ ಬಂದ ಪತ್ರ ಹತ್ತು ವರ್ಷ ಹಿಂದಿನ ತಾರೀಖು ತೋರಿಸಿದ್ದನ್ನು ನಾವೇ ಕಂಡೆವು. ನಂಬಬೇಕಾದದ್ದು 'ರಿಸೀವ್ಡ್' ಎಂಬ ಸಾಲುಗಳನ್ನು. ದಾರಿಯ ಪ್ರತಿ ಸರ್ವರೂ ತನ್ನ ಮೊಹರನ್ನು ಹಿಂದಿನದರ ಮೇಲೆ ಒತ್ತುತ್ತದೆ. ಆದಕಾರಣ ಇವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಟಪಾಲು ಲಕೋಟೆಯ ಮೇಲಿನ ಅಂಚೆ ಮುದ್ರೆಗಳಂತೆಯೇ.

ಥಂಡರ್‌ಬರ್ಡಿನ ಕಡತದಲ್ಲಿ 'ಎಕ್ಸ್-ಮೊಜಿಲ್ಲಾ-ಸ್ಟೇಟಸ್' ಎಂಬ ಒಂದು ಸಾಲು ಇರುತ್ತದೆ. ಓದಿದ ಪತ್ರಕ್ಕೆ ಅಲ್ಲಿ 0001 ಎಂದಿರುತ್ತದೆ. ನಮಗೆ ಕೊನೆಗೆ ಸಿಕ್ಕ ಪತ್ರದಲ್ಲಿ 0009 ಎಂದಿತ್ತು. ಒಂದು ಎಂದರೆ ಓದಿದ್ದು, ಎಂಟು ಎಂದರೆ ಅಳಿಸಿದ್ದು, ಎರಡೂ ಕೂಡಿ ಒಂಬತ್ತು. ಇಲ್ಲಿದೆ ಮೊದಲ ರಹಸ್ಯ. ಪತ್ರವನ್ನು ಅಳಿಸಿದಾಗ ಪ್ರೋಗ್ರಾಂ ಅದನ್ನು ಕಡತದಿಂದ ಕಿತ್ತುಹಾಕುವುದಿಲ್ಲ. 'ಅಳಿಸಿದೆ' ಎಂದು ಗುರುತು ಮಾತ್ರ ಹಾಕಿ, ಪಟ್ಟಿಯಿಂದ ಮರೆಮಾಡುತ್ತದೆ. 'ಕಾಂಪ್ಯಾಕ್ಟ್' ಎಂಬ ಕೆಲಸ ನಡೆದಾಗಲೇ ಅದು ನಿಜವಾಗಿ ಹೋಗುವುದು. ನಮ್ಮ ಗುಮಾಸ್ತರು ಯಾವಾಗಲೋ ಪುಟಗಟ್ಟಲೆ ಹಳೆಯ ಪತ್ರ ಅಳಿಸಿದ್ದರು, ಕಾಂಪ್ಯಾಕ್ಟ್ ಮಾಡಿರಲಿಲ್ಲ. ಹಾಗಾಗಿ ಮೇಲ್ ಪ್ರೋಗ್ರಾಮಿನಲ್ಲಿ ಕಾಣದ ಪತ್ರ ಕಡತದಲ್ಲಿ ಹಾಯಾಗಿ ಮಲಗಿತ್ತು. ಹೊಸ ಪ್ರೋಗ್ರಾಂ ಹಾಕಿದಾಗ 'ಜಾಗ ಉಳಿಸಲು ಕಾಂಪ್ಯಾಕ್ಟ್ ಮಾಡಲೇ' ಎಂದು ಕೇಳಿದರೆ ಬೇಡವೆನ್ನಿ. ಮೂಲ ಡಿಸ್ಕಿನ ಮೇಲೆ ಹೂಂ ಅಂದಿದ್ದರೆ ನಮ್ಮ ಕತೆ ಅಲ್ಲಿಗೆ ಮುಗಿಯುತ್ತಿತ್ತು.

ಎರಡನೆಯ ರಹಸ್ಯ ಕನ್ನಡದ್ದು. ಇ-ಮೇಲಿನ ದಾರಿಯನ್ನು ಕಡಿದವರು ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿ 128 ಗುರುತುಗಳಿಗೆ ಸಾಕಾಗುವಷ್ಟೇ ಅಗಲಕ್ಕೆ ಕಡಿದರು. ಮಿಕ್ಕ ಭಾಷೆಗಳೂ ಫೋಟೋ ಮುಂತಾದ ಲಗತ್ತುಗಳೂ ಅದೇ ಕಿರುದಾರಿಯಲ್ಲಿ ಹೋಗಬೇಕು. ಅದಕ್ಕಾಗಿ 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೈನ್, ನೆಡ್ ಫ್ರೀಡ್ ಎಂಬಿಬ್ಬರು 'ಮೈಮ್' ಎಂಬ ಪದ್ಧತಿಯನ್ನು ಬರೆದು ಪ್ರಕಟಿಸಿದರು. ಅದರಲ್ಲಿ ಒಂದು ಕ್ರಮ 'ಬೇಸ್64'. ಯಾವುದೇ ವಸ್ತುವಿನ ಮೂರು ಬೈಟುಗಳನ್ನು ತೆಗೆದುಕೊಂಡು, ದೊಡ್ಡಕ್ಷರ 26, ಚಿಕ್ಕಕ್ಷರ 26, ಅಂಕಿ 10, ಕೂಡುವ ಚಿಹ್ನೆ ಮತ್ತು ಓರೆಗೆರೆ, ಹೀಗೆ 64 ಗುರುತುಗಳಲ್ಲಿ ನಾಲ್ಕನ್ನು ಬಳಸಿ ಬರೆಯುವುದು. ಮೂರು ಇದ್ದದ್ದು ನಾಲ್ಕಾಗುವುದರಿಂದ ಲಗತ್ತು ಮೂಲಕ್ಕಿಂತ ಮೂರನೇ ಒಂದು ಪಾಲು ಉಬ್ಬುತ್ತದೆ; ಕಡತ ಅಷ್ಟು ದೊಡ್ಡದಾಗಲು ಇದೂ ಒಂದು ಕಾರಣ.

ಯೂನಿಕೋಡ್ ಕನ್ನಡದಲ್ಲಿ ಪ್ರತಿಯೊಂದು ಅಕ್ಷರವೂ, ಪ್ರತಿಯೊಂದು ಕಾಗುಣಿತದ ಚಿಹ್ನೆಯೂ, ಮೂರು ಮೂರು ಬೈಟು. 'ಕಾಫಿ' ಎಂದರೆ ಕ, ಅದರ ದೀರ್ಘ, ಫ, ಅದರ ಗುಡಿಸು. ನಾಲ್ಕು ಮೂರಲೆ ಹನ್ನೆರಡು ಬೈಟು. ಬೇಸ್64ರಲ್ಲಿ ಅದು ಹದಿನಾರು ಗುರುತಾಗುತ್ತದೆ. ಪಾರ್ಚ್‌ಮೆಂಟಿನ ಸಿಪ್ಪೆ ಬಿಡಿಸದೆ ಒಳಗಿನ ಕಾಳು ಕಾಣದಲ್ಲವೆ? ಹಾಗೆಯೇ ಇದು. ಕಡತದಲ್ಲಿ 'ಕಾಫಿ' ಎಂದು ಹುಡುಕಿದರೆ ಆ ಪದ ಅಲ್ಲಿ ಇಲ್ಲವೇ ಇಲ್ಲ, ಅದರ ಹದಿನಾರು ಗುರುತಿನ ವೇಷ ಮಾತ್ರ ಇದೆ. ಯಂತ್ರ 'ಸಿಗಲಿಲ್ಲ' ಎಂದದ್ದು ಸುಳ್ಳಲ್ಲ. 'ಇಲ್ಲ' ಎಂದು ನಾವು ಅರ್ಥ ಮಾಡಿಕೊಂಡದ್ದು ತಪ್ಪು. ಮೊದಲ ವರದಿ ಇಂಗ್ಲಿಷಿನಲ್ಲಿತ್ತು, ಸಿಕ್ಕಿತು. ತಿದ್ದುಪಡಿಯ ಪತ್ರವನ್ನು ಕ್ಯೂರಿಂಗ್ ವರ್ಕ್ಸಿನ ಮ್ಯಾನೇಜರು ಕನ್ನಡದಲ್ಲಿ ಬರೆದಿದ್ದರು, ಸಿಗಲಿಲ್ಲ. ಹನ್ನೊಂದು ಪತ್ರ ಸಿಕ್ಕಿದ್ದರಿಂದಲೇ ನಮ್ಮ ಹುಡುಕಾಟ ಸರಿಯಾಗಿದೆ ಎಂಬ ಧೈರ್ಯ ಬಂದದ್ದು ಬೇರೆ.

ಇದನ್ನು ಕಂಡುಹಿಡಿದವಳು ನಮ್ಮ ಸದಸ್ಯರೊಬ್ಬರ ಮಗಳು, ಇಂಜಿನಿಯರಿಂಗ್ ಓದುತ್ತಿರುವವಳು. ಶನಿವಾರ ಗೊಬ್ಬರದ ಚೀಟಿಗೆಂದು ತಂದೆಯ ಜೊತೆ ಬಂದವಳು ಪರದೆಯತ್ತ ಬಗ್ಗಿ ನೋಡಿ, 'ಮಾಮ, ಇದು ಕನ್ನಡವೇ' ಎಂದಳು. ಹೇಗಮ್ಮಾ ಎಂದರೆ ಬೆರಳಿಟ್ಟು ತೋರಿಸಿದಳು. ಗುರುತುಗಳ ಆ ಕಾಡಿನಲ್ಲಿ '4 ಎಲ್ ಕೆ' ಮತ್ತು '4 ಎಲ್ ಒ' ಎಂಬ ಮೂರಕ್ಷರಗಳು, ಎಲ್ಲವೂ ದೊಡ್ಡಕ್ಷರ, ಮತ್ತೆ ಮತ್ತೆ ಬರುತ್ತಿದ್ದವು. ಕನ್ನಡದ ಎಲ್ಲ ಅಕ್ಷರಗಳ ಮೊದಲ ಬೈಟು ಒಂದೇ, ಎರಡನೆಯದರಲ್ಲಿ ಎರಡೇ ಬಗೆ. ಅದರಿಂದ ಈ ಪುನರಾವರ್ತನೆ. ಪದಗಳ ನಡುವಿನ ಖಾಲಿ ಜಾಗ ಒಂದೇ ಬೈಟಿನದಾದ್ದರಿಂದ ಅದು ಬಂದ ಮೇಲೆ ಮೂರರ ಲೆಕ್ಕ ಸರಿದು, ಅದೇ ಪದ ಬೇರೆ ವೇಷ ಹಾಕುತ್ತದೆ. ಒಂದು ಪದಕ್ಕೆ ಹೀಗೆ ಮೂರು ವೇಷ. ಆದ್ದರಿಂದ ವೇಷವನ್ನೇ ಹುಡುಕುತ್ತೇನೆಂದು ಹೊರಡುವುದು ವ್ಯರ್ಥ, ಆದರೆ 'ಇಲ್ಲಿ ಕನ್ನಡ ಇದೆ' ಎಂದು ತಿಳಿಯಲು ಆ ಮೂರಕ್ಷರ ಸಾಕು. ಇದೇ ರೀತಿ, ಓರೆಗೆರೆ, 9, ಚಿಕ್ಕ ಜೆ, ಓರೆಗೆರೆ ಎಂದು ಆರಂಭವಾದರೆ ಅದು ಜೆಪೆಗ್ ಫೋಟೋ.

ಬೇಸ್64ರ ಜೊತೆಗೆ ಇನ್ನೊಂದು ಕ್ರಮವೂ ಇದೆ. ಅದರಲ್ಲಿ ಇಂಗ್ಲಿಷ್ ಪಠ್ಯ ಹಾಗೆಯೇ ಉಳಿಯುತ್ತದೆ, ಆದರೆ ಸಾಲು 76 ಗುರುತು ಮೀರುವಂತಿಲ್ಲ. ಮೀರಿದರೆ ಸಮಚಿಹ್ನೆ ಹಾಕಿ ಪದದ ಮಧ್ಯದಲ್ಲೇ ಮುರಿಯುತ್ತದೆ. ನಾವು ಹುಡುಕುವ ಪದ ಅಲ್ಲಿ ಎರಡು ತುಂಡಾಗಿದ್ದರೆ ಸಿಗದು. ಅದಕ್ಕೆ ಚಿಕ್ಕ ಪದ ಹುಡುಕಬೇಕು, ಒಂದೇ ಪದವನ್ನು ನೆಚ್ಚಬಾರದು. ಅಡಿಕೆಯನ್ನು ಜನ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕಾರು ಬಗೆಯಾಗಿ ಬರೆಯುತ್ತಾರೆ ಎಂಬುದು ಎಲ್ಲರೂ ಬಲ್ಲ ಸಂಗತಿಯೇ.

ಒಂದೆರಡು ಪತ್ರ ಮಾತ್ರ ಬಿಡಿಸಬೇಕಾದರೆ ಹೊಸ ಪ್ರೋಗ್ರಾಂ ಬೇಡ. ಬೇಸ್64 ಭಾಗವನ್ನಷ್ಟೇ ಕತ್ತರಿಸಿ ಬೇರೆ ಕಡತಕ್ಕೆ ಹಾಕಿ, ಅದೇ ಸರ್ಟ್‌ಯುಟಿಲಿಗೆ 'ಡಿಕೋಡ್' ಎಂಬ ಸೂಚನೆ ಕೊಟ್ಟು, ಮೊದಲು ಈ ಕಡತದ ಹೆಸರು, ನಂತರ ಹೊಸ ಕಡತದ ಹೆಸರು ಬರೆದರಾಯಿತು; ಹೊಸದರಲ್ಲಿ ಕನ್ನಡ ಕಾಣುತ್ತದೆ. ಇದನ್ನು ಮಾಡಿಕೊಡುತ್ತೇವೆಂಬ ಜಾಲತಾಣಗಳೂ ಉಂಟು. ಸಂಘದ ಪತ್ರಗಳಲ್ಲಿ ಸದಸ್ಯರ ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ, ಸಾಲದ ಬಾಕಿ ಎಲ್ಲ ಇರುತ್ತದೆ. ಗುರುತಿಲ್ಲದವರ ತಾಣಕ್ಕೆ ಅದನ್ನು ಸುರಿಯುವುದು ನಮಗೆ ಒಪ್ಪಿಗೆಯಿಲ್ಲ.

ಸಾವಿರಾರು ಪತ್ರಗಳಿಗೆ ಈ ಕೈಕೆಲಸ ಸಾಲದು. ಆ ಹುಡುಗಿ ಪೈಥಾನ್ ಎಂಬ ಉಚಿತ ಭಾಷೆಯಲ್ಲಿ ಹದಿನೈದು ಸಾಲಿನ ಒಂದು ಪ್ರೋಗ್ರಾಂ ಬರೆದಳು. ಎಂಬಾಕ್ಸನ್ನು ಬಿಡಿಸುವ 'ಮೇಲ್‌ಬಾಕ್ಸ್' ಎಂಬ ಭಾಗ ಪೈಥಾನಿನ ಜೊತೆಯಲ್ಲೇ ಬರುತ್ತದೆ. ಅದು ಒಂದೊಂದು ಪತ್ರವನ್ನೂ ಸಿಪ್ಪೆ ಸುಲಿದು, ದಿನಾಂಕವನ್ನೇ ಹೆಸರಾಗಿಟ್ಟು, ಪ್ರತ್ಯೇಕ ಪಠ್ಯ ಕಡತವಾಗಿ ಬರೆಯಿತು. ಅಳಿಸಿದ ಗುರುತನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣ ಅಳಿಸಿದವೂ ಹೊರಬಂದವು. ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಈಗ ಸದಸ್ಯರ ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಏಳು ಪತ್ರ. ಐದನೆಯದು ತಿದ್ದುಪಡಿಯದು, 12 ಮಾರ್ಚ್ 2013ರದ್ದು: ಮಾದರಿ ತೆಗೆಯುವಾಗ ಬೇರೆಯವರ ಚೀಲ ಬೆರೆತುದರಿಂದ ಮೊದಲ ವರದಿ ತಪ್ಪಾಗಿದೆ, ಸರಿಯಾದ ಓಟಿ 24 ಎಂಬ ಒಕ್ಕಣೆ.

ಮೇಜಿನ ಮೇಲಿದ್ದ ಲಕೋಟೆಯನ್ನು ಹರಿದು ಹಾಕಿದೆವು. ಸೋಮವಾರ ಇಬ್ಬರನ್ನೂ ಕರೆಸಿ ತಲೆಬರಹ ಸಹಿತ ನಕಲು ಕೊಟ್ಟೆವು. ತಮ್ಮ ಓದಿ ಮಡಿಸಿ ಜೇಬಿಗಿಟ್ಟರು, ಮಾತನಾಡಲಿಲ್ಲ. ಅಣ್ಣ ಎರಡು ಸಲ ಓದಿ, ಹೆಂಡತಿಗೆ ತೋರಿಸಬೇಕೆಂದು ಇನ್ನೊಂದು ಪ್ರತಿ ಕೇಳಿ ಪಡೆದರು.

ನಮ್ಮಲ್ಲಿ ಉಳಿದಿರುವುದು 2008, 2009ರ ಪತ್ರಗಳು. ಅವುಗಳಲ್ಲಿ ಕೆಲವನ್ನು ನುಡಿ ಅಕ್ಷರಶೈಲಿಯಲ್ಲಿ ಬರೆದಿದ್ದಾರೆ, ಯೂನಿಕೋಡ್ ಅಲ್ಲ. ಸಿಪ್ಪೆ ಸುಲಿದ ಮೇಲೂ ಅಲ್ಲಿ ಕಾಣುವುದು ತಲೆಯ ಮೇಲೆ ಗೆರೆ, ಟೊಪ್ಪಿ ಹೊತ್ತ ರೋಮನ್ ಅಕ್ಷರಗಳು. 'ನ' ಇದ್ದಲ್ಲಿ ಪೌಂಡಿನ ಚಿಹ್ನೆ. ಲಂಡನ್ನಿನಿಂದ ಬಂದ ಬಿಲ್ಲೇನೋ ಎಂದು ಮೊದಲು ನಾವು ಭ್ರಮಿಸಿದೆವು. ಇದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ದೊರೆಯುತ್ತವೆ. ಒತ್ತಕ್ಷರ, ಅರ್ಕಾವತ್ತು ಇದ್ದಲ್ಲಿ ಕೈಯಿಂದ ತಿದ್ದಬೇಕಾಗುತ್ತದೆ. ಅಡಿಕೆ ಕೊಯ್ಲು ಮುಗಿಯುವುದರೊಳಗೆ ಇದೂ ಮುಗಿದೀತು. ಮೂಲ ಡಿಸ್ಕ್ ತಿಜೋರಿಯಲ್ಲಿದೆ, ಒಂದು ನಕಲು ಕಛೇರಿಯಲ್ಲಿ, ಇನ್ನೊಂದು ಅಧ್ಯಕ್ಷರ ಮನೆಯಲ್ಲಿ. ಮನೆಯಲ್ಲಿ ಇಂತಹ ಕಡತ ಇರುವ ಸದಸ್ಯರು ನಕಲನ್ನು ಮಾತ್ರ ತೆಗೆದುಕೊಂಡು ಶನಿವಾರ ಹನ್ನೊಂದರ ಮೇಲೆ ಕಛೇರಿಗೆ ಬಂದರೆ, ಕರೆಂಟು ಇದ್ದ ಪಕ್ಷದಲ್ಲಿ, ಬಿಡಿಸಿಕೊಡುವ ಏರ್ಪಾಡಿದೆ.